ಐದು ದಿನ ಮೊದಲು ಮಾರಿದ ಕ್ರೀಡಾಂಗಣ

ಮಿಲಾನ್ ನಗರಪಾಲಿಕೆ ತನ್ನ ಸಾನ್ ಸಿರೋ ಫುಟ್‌ಬಾಲ್ ಕ್ರೀಡಾಂಗಣವನ್ನು 2025ರ ನವೆಂಬರ್ 5ರಂದು ಮಾರಿತು. ಇನ್ನೈದು ದಿನ ಕಳೆದಿದ್ದರೆ ಅದರ ಎರಡನೇ ಅಂತಸ್ತಿಗೆ 70 ವರ್ಷ ತುಂಬುತ್ತಿತ್ತು. ಇಟಲಿಯಲ್ಲಿ 70 ದಾಟಿದ ಸಾರ್ವಜನಿಕ ಕಟ್ಟಡವನ್ನು ಪರಂಪರೆಯ ಸ್ವತ್ತೆಂದೇ ಭಾವಿಸಿ ಕಾನೂನು ಕಾಯುತ್ತದೆ. ಆಮೇಲೆ ಅದನ್ನು ಕೆಡವುವುದು ಸುಲಭವಲ್ಲ. ಅದಕ್ಕೇ ಇಷ್ಟು ಅವಸರ. ಕಾಯಬೇಕಾದವರೇ ಕಾನೂನು ಬರುವ ಮೊದಲು ಬಾಗಿಲು ತೆರೆದುಕೊಟ್ಟರು.

ಕೊಂಡವರು ಅಲ್ಲಿನ ಬಾಡಿಗೆದಾರರೇ: ಎ.ಸಿ. ಮಿಲಾನ್ ಮತ್ತು ಇಂಟರ್. ಬೆಲೆ ಸುತ್ತಲಿನ ಜಾಗವೂ ಸೇರಿ 19.7 ಕೋಟಿ ಯೂರೋ. ಇಟಲಿಯ ಕ್ಲಬ್ಬುಗಳೆಂದು ಹೇಳಿದರೂ ಇವತ್ತು ಎರಡರ ಯಜಮಾನಿಕೆಯೂ ಅಮೆರಿಕದ ಹೂಡಿಕೆ ಸಂಸ್ಥೆಗಳದು; ಮಿಲಾನ್ ರೆಡ್‌ಬರ್ಡ್‌ನ ಕೈಯಲ್ಲಿದೆ, ಇಂಟರ್ ಓಕ್‌ಟ್ರೀಯ ಕೈಯಲ್ಲಿದೆ. ಹಳೆಯದರ ಬಹುಭಾಗ ಕೆಡವಿ ಪಕ್ಕದಲ್ಲೇ ಹೊಸದನ್ನು ಕಟ್ಟುವುದು ಅವರ ಯೋಜನೆ. ರಾತ್ರಿಯಿಡೀ ಚರ್ಚೆ ನಡೆದು, ಬೆಳಗಿನ ಜಾವ ಪಾಲಿಕೆ ಸಭೆ ಒಪ್ಪಿದ್ದು 24–20 ಮತಗಳಿಂದ.

1926ರಲ್ಲಿ ಇದನ್ನು ಕಟ್ಟಿಸಿದವರು ಆಗಿನ ಎ.ಸಿ. ಮಿಲಾನ್ ಅಧ್ಯಕ್ಷ ಪಿಯೆರೊ ಪಿರೆಲ್ಲಿ. ಮೊದಲ ಪಂದ್ಯದಲ್ಲೇ ಇಂಟರ್ 6–3ರಿಂದ ಆತಿಥೇಯರನ್ನು ಸೋಲಿಸಿತು. 1935ರಲ್ಲಿ ಪಾಲಿಕೆ ಕೊಂಡುಕೊಂಡಿತು. 1947ರಲ್ಲಿ ಇಂಟರ್ ಕೂಡ ಇಲ್ಲಿಗೇ ಬಂತು. 1955ರಲ್ಲಿ ಎರಡನೇ ಅಂತಸ್ತು ಎದ್ದಿತು. 1990ರ ವಿಶ್ವಕಪ್ಪಿಗೆಂದು ಮೂರನೆಯದೂ ಹನ್ನೊಂದು ಕಾಂಕ್ರೀಟ್ ಗೋಪುರಗಳೂ ಬಂದವು. 1980ರಲ್ಲಿ ಇಟ್ಟ ಹೆಸರು ಜುಸೆಪ್ಪೆ ಮೆಯಾತ್ಸಾ ಅವರದು. ಎರಡೂ ತಂಡಗಳಿಗೆ ಆಡಿದ ಆಟಗಾರ. ಬದ್ಧವೈರಿಗಳಿಬ್ಬರು ಇಷ್ಟು ವರ್ಷ ಒಂದೇ ಸೂರಿನಡಿ ಇದ್ದದ್ದು ಹೇಗೆ? ಮನೆ ಇಬ್ಬರದೂ ಆಗಿರಲಿಲ್ಲ, ಊರಿನದಾಗಿತ್ತು.

ಮಾರಾಟದ ಪರ ಇರುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಕಟ್ಟಡ ಹಳೆಯದು. ದುರಸ್ತಿಯ ಗೊಂದಲದಿಂದಾಗಿ 2027ರ ಚಾಂಪಿಯನ್ಸ್ ಲೀಗ್ ಫೈನಲ್ ಮಿಲಾನಿನ ಕೈತಪ್ಪಿತು. ಕ್ಲಬ್ಬುಗಳು ಪಕ್ಕದ ಸಾನ್ ದೊನಾತೊ, ರೊತ್ಸಾನೊಗಳಲ್ಲಿ ಜಾಗ ನೋಡಿದ್ದವು. ಅವು ಹೋದರೆ ಖಾಲಿ ಕಟ್ಟಡದ ಖರ್ಚು ಪಾಲಿಕೆಯ ತಲೆಗೆ. ನಿಜ. ಆದರೆ ಬಾಡಿಗೆದಾರ ಮನೆ ಬಿಡುತ್ತೇನೆಂದು ಹೆದರಿಸಿದರೆ ಬಾಡಿಗೆ ಮಾತಾಡಬೇಕು, ದುರಸ್ತಿ ಮಾತಾಡಬೇಕು. ಮನೆಯನ್ನೇ ಬರೆದುಕೊಡುವುದು ಉತ್ತರವಲ್ಲ. ಕಾಲ ಮುಗಿಯಿತೆಂದು ಮಾರಿದ ಇದೇ ಕಟ್ಟಡದಲ್ಲಿ 2026ರ ಫೆಬ್ರವರಿ 6ರಂದು ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ನಡೆಯಿತು. ಜಗತ್ತನ್ನು ಕರೆಯುವಾಗ ಅದು ಚೆನ್ನಾಗಿಯೇ ಇತ್ತು.

ಸಾನ್ ಸಿರೋವನ್ನು ಫುಟ್‌ಬಾಲಿನ ಸ್ಕಾಲಾ ಎನ್ನುತ್ತಾರೆ. ನಿಜವಾದ ಸ್ಕಾಲಾ, 1778ರ ಒಪೆರಾ ರಂಗಮಂದಿರ, 1943ರ ಬಾಂಬ್ ದಾಳಿಯಲ್ಲಿ ಹಾಳಾಯಿತು. ಯುದ್ಧದಲ್ಲಿ ಸೊರಗಿದ್ದ ಅದೇ ಊರು 1946ರ ಹೊತ್ತಿಗೆ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. ಹಳೆಯದಾಯಿತು, ಇಕ್ಕಟ್ಟಾಯಿತು, ಲಾಭವಿಲ್ಲ ಎಂದು ಯಾರೂ ಮಾರಲಿಲ್ಲ. ಒಪೆರಾ ಸಂಸ್ಕೃತಿ, ಫುಟ್‌ಬಾಲ್ ವ್ಯವಹಾರ ಎಂಬ ಭೇದ ಇಲ್ಲಿದೆ. ಅಗ್ಗದ ಟಿಕೆಟ್ ಕೊಂಡು ಮೇಲಿನ ಅಂತಸ್ತಿನಲ್ಲಿ ಕೂತವರ ನೆನಪು ಪರಂಪರೆಯ ಲೆಕ್ಕಕ್ಕೆ ಬರುವುದಿಲ್ಲ.

ಇಂಥ ಮಾರಾಟಕ್ಕೆ ಅಲ್ಲಿಯೂ ಒಂದು ಚಂದದ ಪದವಿದೆ: ಪುನರುಜ್ಜೀವನ. ಮುಂಬೈಯ ಓದುಗರಿಗೆ ಅದು ರೀಡೆವಲಪ್‌ಮೆಂಟ್ ಎಂದು ಚೆನ್ನಾಗಿ ಗೊತ್ತು. ಉಸಿರಾಡುತ್ತಿರುವುದನ್ನು ಮೊದಲು ಸತ್ತಿದೆ ಎಂದು ಸಾರದೆ ಈ ಪದವನ್ನು ಬಳಸಲಾಗುವುದಿಲ್ಲ.

ಪಾಲಿಕೆ ಕಳೆದುಕೊಂಡದ್ದು ಬರೀ ಕಾಂಕ್ರೀಟನ್ನಲ್ಲ, ಬೇಡ ಎನ್ನುವ ಹಕ್ಕನ್ನು. ಟಿಕೆಟ್ ದರ ಏರಿದರೆ, ಅಗ್ಗದ ಸೀಟಿನ ಜಾಗದಲ್ಲಿ ಸಿರಿವಂತರ ಗಾಜಿನ ಕೋಣೆ ಬಂದರೆ, ಊರಿನವರು ಇನ್ನು ಮಾಲೀಕರಾಗಿ ಪ್ರಶ್ನೆ ಕೇಳುವಂತಿಲ್ಲ. ಗಿರಾಕಿಗಳಾಗಿ ಗೊಣಗಬಹುದು, ಅಷ್ಟೆ.