ರಾತ್ರಿ ಒಂಬತ್ತರ ಗೇಟು
ದೇಶದೊಳಗೆ ಮತ್ತೆ ಮತ್ತೆ ಹೋಗಬೇಕೆನಿಸುವ ಸೀಮೆ ಯಾವುದೆಂದು ಕೇಳಿದರೆ ನಾನು ಗುಂಡ್ಲುಪೇಟೆ ಎನ್ನುತ್ತೇನೆ. ಕ್ಯಾಂಪರ್ ವ್ಯಾನಿನಲ್ಲಿ ಊಟಿಗೋ ವಯನಾಡಿಗೋ ಹೊರಟವರಿಗೆ ಇದು ದಾಟಿಹೋಗುವ ಊರಷ್ಟೇ. ಆದರೆ 2009ರಿಂದ ಇಲ್ಲಿಂದ ಮುಂದಿನ ಬಂಡೀಪುರದ ಕಾಡುರಸ್ತೆ ಖಾಸಗಿ ವಾಹನಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಒಳ್ಳೆಯದೇ ಆಯಿತು, ಆ ಹೊತ್ತು ಆನೆ, ಜಿಂಕೆಗಳದ್ದು. ಕಾಡಿನಂಚಿನಲ್ಲಿ ವ್ಯಾನು ನಿಲ್ಲಿಸಿ ಒಲೆ ಹಚ್ಚಬೇಡಿ, ಊರಲ್ಲೇ ತಂಗಿ. ಜುಲೈ ತಿಂಗಳ ಬೆಳಗ್ಗೆ ಬಾಗಿಲು ಸರಿಸಿದರೆ ಚೆಂಡುಹೂವಿನ ಹೊಲ, ಮಡಿಲು ಕಟ್ಟಿಕೊಂಡು ಹೂ ಬಿಡಿಸುವ ಹೆಂಗಸರು, ಒದ್ದೆ ಎಲೆಯ ಘಾಟು. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ವ್ಯಾನು ಒಯ್ಯುವಂತಿಲ್ಲ. ತಪ್ಪಲಲ್ಲಿ ಬಿಟ್ಟು ಸಾರಿಗೆ ಬಸ್ಸು ಹತ್ತಬೇಕು. ಮೇಲೆ ಮಂಜು ಕವಿದ ದಿನ ಗುಡಿಯ ಗೋಪುರ ಕಾಣುವುದು ತೀರಾ ಹತ್ತಿರ ಹೋದಮೇಲೆಯೇ.