ಬಸುರಿಯ ಎದೆಯುರಿ

ಮೊದಲ ಮೂರು ತಿಂಗಳ ವಾಕರಿಕೆ, ವಾಂತಿಗಳು ಕಳೆದು, ಇನ್ನಾದರೂ ನೆಮ್ಮದಿಯಾಗಿ ನಾಲ್ಕು ತುತ್ತು ಉಣ್ಣಬಹುದೆಂದು ಗರ್ಭಿಣಿ ಅಂದುಕೊಳ್ಳುವಷ್ಟರಲ್ಲಿ ಮತ್ತೊಂದು ಉಪದ್ರವ ತಲೆಹಾಕುತ್ತದೆ. ಉಂಡು ಅರ್ಧ ಗಂಟೆಯಾಗುವುದರೊಳಗೆ ಎದೆಯ ನಡುವೆ ಉರಿ, ಗಂಟಲಿಗೆ ಹುಳಿನೀರು, ಮಲಗಿದರೆ ಉರಿ ಇಮ್ಮಡಿ. ಒಂದು ತುತ್ತು ಹೆಚ್ಚಾದರೆ ಹೊಟ್ಟೆಯುಬ್ಬರ, ಹುಳಿತೇಗು. ರಾತ್ರಿ ಮನೆಯವರೆಲ್ಲ ನಿದ್ರಿಸುತ್ತಿರುವಾಗ ಆಕೆ ಗೋಡೆಗೊರಗಿ ಕುಳಿತು ಬೆಳಗಾಗುವುದನ್ನೇ ಕಾಯುತ್ತಾಳೆ. ಹಿರಿಯರೊಡನೆ ಹೇಳಿಕೊಂಡರೆ, "ಮಗುವಿಗೆ ತಲೆತುಂಬ ಕೂದಲು ಬೆಳೀತಾ ಇದೆ ಕಣಮ್ಮ, ಅದಕ್ಕೇ ಉರಿ" ಎಂಬ ಸಮಾಧಾನ ದೊರೆಯುತ್ತದೆ.

ಈ ಮಾತಿನ ಹಿಂದಿರುವ ವಾತ್ಸಲ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ವಾತ್ಸಲ್ಯದ ಜೊತೆಗೆ ತಿಳಿವಳಿಕೆಯೂ ಇರಬೇಕು. ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಕೆಲವು ಲೆಕ್ಕಗಳಂತೆ ಅದಕ್ಕೂ ಹೆಚ್ಚು ಮಂದಿಗೆ, ಯಾವುದಾದರೊಂದು ತಿಂಗಳಲ್ಲಿ ಎದೆಯುರಿ ಕಾಡುತ್ತದೆ. ಬಹುಮಟ್ಟಿಗೆ ಇದು ಅಪಾಯವಿಲ್ಲದ್ದು, ಹೆರಿಗೆಯೊಡನೆ ಮಾಯವಾಗುವಂಥದು. ಹಾಗೆಂದು ಅದನ್ನು ಹಲ್ಲುಕಚ್ಚಿ ಸಹಿಸಬೇಕಾದ ಅಗತ್ಯವಿಲ್ಲ. ಅಂತೆಯೇ, ಮೇಲುಹೊಟ್ಟೆಯ ಎಲ್ಲ ಸಂಕಟವನ್ನೂ 'ಪಿತ್ತ', 'ಗ್ಯಾಸು' ಎಂದು ತಳ್ಳಿಹಾಕುವುದೂ ಸಲ್ಲದು. ಯಾವ ಉರಿಗೆ ಮನೆಯ ಉಪಚಾರ ಸಾಕು, ಯಾವುದಕ್ಕೆ ಆಸ್ಪತ್ರೆಯೇ ಬೇಕು ಎಂಬುದನ್ನು ಗರ್ಭಿಣಿಯೂ ಆಕೆಯ ಮನೆಯವರೂ ಅರಿತಿರಬೇಕು. ಆ ಅರಿವಿನ ಮೇಲೆ ಕೆಲವೊಮ್ಮೆ ಎರಡು ಜೀವಗಳು ನಿಂತಿರುತ್ತವೆ.

ಉರಿ ಹುಟ್ಟುವ ಬಗೆ

ನಾವು ನುಂಗಿದ ಆಹಾರವು ಅನ್ನನಾಳದ ಮೂಲಕ ಜಠರವನ್ನು ಸೇರುತ್ತದೆ. ಇವೆರಡೂ ಕೂಡುವೆಡೆಯಲ್ಲಿ ಬಳೆಯಾಕಾರದ ಸ್ನಾಯುವೊಂದುಂಟು. ತುತ್ತನ್ನು ಕೆಳಗೆ ಬಿಡುವಾಗ ಸಡಿಲಗೊಂಡು, ಅನಂತರ ಬಿಗಿಯಾಗಿ ಮುಚ್ಚಿಕೊಳ್ಳುವುದು ಅದರ ಕೆಲಸ. ಜಠರದಲ್ಲಿ ತೀಕ್ಷ್ಣವಾದ ಆಮ್ಲವಿದೆ. ಜಠರದ ಒಳಗೋಡೆಗೆ ಅದನ್ನು ತಾಳಿಕೊಳ್ಳಲು ಲೋಳೆಯ ದಪ್ಪ ಹೊದಿಕೆಯಿದೆ. ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಆದುದರಿಂದ ಬಾಗಿಲು ಸಡಿಲವಾಗಿ ಆಮ್ಲವು ಮೇಲಕ್ಕೆ ಚಿಮ್ಮಿದರೆ ಅನ್ನನಾಳ ಉರಿಯುತ್ತದೆ. ಎದೆಯುರಿ ಎಂದು ಕರೆದರೂ ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಗರ್ಭಿಣಿಯ ದೇಹದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೇರಳವಾಗಿ ಉತ್ಪತ್ತಿಯಾಗುತ್ತದೆ. ಗರ್ಭಕೋಶವು ಅಕಾಲದಲ್ಲಿ ಸಂಕುಚಿತವಾಗದಂತೆ ಅದರ ಸ್ನಾಯುಗಳನ್ನು ಶಾಂತವಾಗಿಡುವುದು ಈ ಹಾರ್ಮೋನಿನ ಮುಖ್ಯ ಕಾರ್ಯಗಳಲ್ಲೊಂದು. ಆದರೆ ಅದು ಇತರ ಸ್ನಾಯುಗಳನ್ನೂ ಸಡಿಲಿಸುತ್ತದೆ. ಅನ್ನನಾಳದ ಬಾಗಿಲು ಬಿಗಿ ತಪ್ಪುತ್ತದೆ. ಕರುಳಿನ ಚಲನೆ ನಿಧಾನವಾಗುತ್ತದೆ. ಆರೇಳು ತಿಂಗಳು ತುಂಬುವ ವೇಳೆಗೆ ಗರ್ಭಕೋಶವೂ ಮೇಲಕ್ಕೇರಿ ಜಠರವನ್ನು ಒತ್ತತೊಡಗುತ್ತದೆ. ಕೊನೆಯ ವಾರಗಳಲ್ಲಿ ಮಗುವಿನ ತಲೆ ಕೆಳಕ್ಕಿಳಿದಾಗ ಕೆಲವರಿಗೆ ಉರಿ ತಗ್ಗುವುದುಂಟು.

ಇನ್ನು ಕೂದಲಿನ ಮಾತು. ಇದು ಬರಿಯ ಅಜ್ಜಿಕತೆಯೆಂದೇ ಸಾಬೀತುಮಾಡಲು ಹೊರಟ ಅಮೆರಿಕೆಯ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಅಚ್ಚರಿ ಕಾದಿತ್ತು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 64 ಮಂದಿ ಗರ್ಭಿಣಿಯರಿದ್ದರು. ಸಾಕಷ್ಟು ಎದೆಯುರಿಯಿದ್ದ 28 ಮಂದಿಯಲ್ಲಿ 23 ಮಂದಿಯ ಶಿಶುಗಳಿಗೆ ಸಾಧಾರಣವಾದ ಅಥವಾ ಅದಕ್ಕಿಂತ ಹೆಚ್ಚಿನ ಕೂದಲಿತ್ತು! ಒಂದೇ ಬಗೆಯ ಹಾರ್ಮೋನುಗಳು ತಾಯಿಯ ಅನ್ನನಾಳದ ಮೇಲೂ ಶಿಶುವಿನ ಕೂದಲಿನ ಮೇಲೂ ಪರಿಣಾಮ ಬೀರುತ್ತಿರಬಹುದೆಂದು ಅವರು ಊಹಿಸಿದರು. ಅಧ್ಯಯನ ಚಿಕ್ಕದು, ಇದನ್ನು ನಂಬಿ ಹಣಿಗೆ ಕೊಳ್ಳಬೇಕಾದುದಿಲ್ಲ. ಅಜ್ಜಿಯ ಮಾತು ನಿಜವಾಗಿದ್ದರೂ ಉರಿಗೆ ಉಪಚಾರ ಬೇಡವೆಂದು ಅದರ ಅರ್ಥವಲ್ಲ, ಅಷ್ಟೆ.

ಮೊದಲ ಎಲೆ ಗರ್ಭಿಣಿಗೆ

ನಮ್ಮ ಎಷ್ಟೋ ಮನೆಗಳಲ್ಲಿ ಸೊಸೆ ಉಣ್ಣುವುದು ಕೊನೆಗೆ. ಗಂಡ ಕೆಲಸದಿಂದ ಬರಬೇಕು, ಮಾವನವರ ಊಟವಾಗಬೇಕು, ಮಕ್ಕಳು ಮಲಗಬೇಕು. ರಾತ್ರಿ ಹತ್ತರ ಹೊತ್ತಿಗೆ ಹಸಿದು ಬಳಲಿದ ಹೆಂಗಸು ಉಳಿದ ಅನ್ನಕ್ಕೆ ಸಾರು, ಉಪ್ಪಿನಕಾಯಿ ಕಲಸಿಕೊಂಡು ಬೇಗಬೇಗನೆ ಉಂಡು, ಬಗ್ಗಿ ನೆಲ ಒರೆಸಿ, ಪಾತ್ರೆ ಬೆಳಗಿ, ಒಡನೆಯೇ ಹಾಸಿಗೆ ಸೇರುತ್ತಾಳೆ. ಎದೆಯುರಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ. ತುಂಬಿದ ಹೊಟ್ಟೆಯಲ್ಲಿ ಬಗ್ಗಿದರೂ ಆಮ್ಲ ಮೇಲೇರುತ್ತದೆ, ಮಲಗಿದರೂ ಮೇಲೇರುತ್ತದೆ.

ಆದುದರಿಂದ ಮೊದಲನೆಯ ಔಷಧಿ ಅಂಗಡಿಯಲ್ಲಿಲ್ಲ, ಅಡುಗೆಮನೆಯಲ್ಲಿದೆ. ಬಸುರಿಯ ರಾತ್ರಿಯೂಟ ಏಳೂವರೆ ಎಂಟರೊಳಗೆ ಮುಗಿಯಲಿ. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ. ಊಟವಾದ ಮೇಲಿನ ಬಗ್ಗುವ ಕೆಲಸಗಳನ್ನು ಬೇರೆಯವರು ಮಾಡಲಿ. ಗಂಡನಾದವನು ಕೆಲವು ತಿಂಗಳು ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟರೆ ಅವನ ಗೌರವಕ್ಕೆ ಕುಂದಾಗದು.

'ಎರಡು ಜೀವ, ಇನ್ನೊಂದು ಸೌಟು ಹಾಕಿಸಿಕೋ' ಎಂಬ ಉಪಚಾರವೂ ಉರಿಯನ್ನು ಹೆಚ್ಚಿಸುತ್ತದೆ. ಮಗುವಿಗೆ ಬೇಕಾದುದು ಉತ್ತಮ ಆಹಾರ. ಒಂದೇ ಸಲಕ್ಕೆ ದೊಡ್ಡ ಊಟವಲ್ಲ. ಮೂರು ಊಟದ ಬದಲು ಅದೇ ಆಹಾರವನ್ನು ಐದಾರು ಸಲ ಹಂಚಿ ಉಣ್ಣುವುದು ಲೇಸು. ಬೆಳಿಗ್ಗೆ ಎರಡು ಇಡ್ಲಿ, ಹತ್ತರ ಹೊತ್ತಿಗೆ ರಾಗಿ ಗಂಜಿ, ಮಧ್ಯಾಹ್ನ ಅನ್ನ, ತೊವ್ವೆ, ಹೀರೇಕಾಯಿಯೋ ಸೋರೇಕಾಯಿಯೋ ಪಲ್ಯ, ಮಜ್ಜಿಗೆ. ಸಂಜೆ ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ. ರಾತ್ರಿ ಮೆತ್ತನೆಯ ಚಪಾತಿಯೋ ಮುದ್ದೆಯೋ ಅನ್ನವೋ, ಹದವಾಗಿ. ಉಣ್ಣುವಾಗ ಚೊಂಬುಗಟ್ಟಲೆ ನೀರು ಕುಡಿದರೆ ಹೊಟ್ಟೆ ಬಿರಿಯುತ್ತದೆ, ಗುಟುಕು ಸಾಕು. ನೀರನ್ನು ಊಟಗಳ ನಡುವೆ ಧಾರಾಳವಾಗಿ ಕುಡಿಯಬೇಕು.

ಕರಿದ ಬೋಂಡ, ಪೂರಿ, ಹೆಚ್ಚು ಎಣ್ಣೆಯ ಪದಾರ್ಥ, ಹಸಿಮೆಣಸಿನಕಾಯಿ, ರಂಜಕದಂಥ ಖಾರದ ಚಟ್ನಿ, ಗಟ್ಟಿ ಕಾಫಿ, ಇವು ಅನೇಕರಿಗೆ ಉರಿ ತರುತ್ತವೆ. ಆದರೆ ಎಲ್ಲರ ಹೊಟ್ಟೆಯೂ ಒಂದೇ ಅಲ್ಲ. ಒಬ್ಬಳಿಗೆ ಹುಳಿ ಆಗದು, ಇನ್ನೊಬ್ಬಳಿಗೆ ಟೊಮೇಟೊ ಆಗದು. ಒಂದು ವಾರ ತಿಂದುದನ್ನೂ ಉರಿ ಬಂದ ವೇಳೆಯನ್ನೂ ಬರೆದಿಟ್ಟರೆ ತನಗಾಗದ ಪದಾರ್ಥ ಯಾವುದೆಂದು ಗೊತ್ತಾಗುತ್ತದೆ. ಅದೊಂದನ್ನು ಬಿಟ್ಟರೆ ಸಾಕು. ಉರಿಗೆ ಹೆದರಿ ಉಪವಾಸವಿರುವುದು, ಎಲ್ಲವನ್ನೂ ಬಿಟ್ಟು ಗಂಜಿಯನ್ನೇ ಕುಡಿಯುವುದು ತಾಯಿಗೂ ಮಗುವಿಗೂ ಕೇಡು. ಎಲೆಯಡಿಕೆಯೊಡನೆ ಹೊಗೆಸೊಪ್ಪು ಅಗಿಯುವ ಅಭ್ಯಾಸವಿದ್ದರಂತೂ ಕೂಡಲೇ ಬಿಡತಕ್ಕದ್ದು. ಅದು ಮಗುವಿನ ಬೆಳವಣಿಗೆಯನ್ನೂ ಕುಂಠಿಸುತ್ತದೆ.

ತಣ್ಣನೆಯ ಹಾಲು ಆ ಗಳಿಗೆಗೆ ತಂಪೆನಿಸುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತಿನ ಮೇಲೆ ಜಠರವು ಮತ್ತೆ ಆಮ್ಲವನ್ನು ಸುರಿಸುತ್ತದೆ. ಮಲಗುವ ಮುನ್ನ ದೊಡ್ಡ ಲೋಟ ಹಾಲು ಕುಡಿಯುವುದಕ್ಕಿಂತ ಸಂಜೆಯೇ ಕುಡಿಯುವುದು ವಾಸಿ.

ಮಲಗುವ ರೀತಿ

ಸೀರೆಯ ನೆರಿಗೆ, ಲಂಗದ ಲಾಡಿಗಳನ್ನು ಹೊಟ್ಟೆಗೆ ಬಿಗಿಯಾಗಿ ಕಟ್ಟಬಾರದು. ರಾತ್ರಿ ಎಡಮಗ್ಗುಲಾಗಿ ಮಲಗುವುದು ಒಳ್ಳೆಯದು. ಜಠರದ ಹೆಚ್ಚಿನ ಭಾಗ ಎಡಕ್ಕಿರುವುದರಿಂದ ಹಾಗೆ ಮಲಗಿದಾಗ ಆಮ್ಲವು ಅನ್ನನಾಳದ ಬಾಯಿಗಿಂತ ಕೆಳಗೇ ನಿಲ್ಲುತ್ತದೆ. ಮಂಚವಿದ್ದವರು ತಲೆಯ ಕಡೆಯ ಎರಡು ಕಾಲುಗಳಿಗೆ ಇಟ್ಟಿಗೆಗಳನ್ನು ಕೊಟ್ಟು ಆರು ಅಂಗುಲ ಎತ್ತರಿಸಬೇಕು. ನೆಲದ ಮೇಲೆ ಮಲಗುವವರು ಜಮಖಾನೆಯನ್ನೋ ಹಳೆಯ ಹಾಸಿಗೆಯನ್ನೋ ಮಡಿಸಿ ಸೊಂಟದ ಮೇಲ್ಭಾಗದಿಂದ ಭುಜದವರೆಗೆ ಇಳಿಜಾರಾಗುವಂತೆ ಹಾಕಿಕೊಳ್ಳಬೇಕು. ತಲೆಯಡಿಗೆ ಮಾತ್ರ ಮೂರು ದಿಂಬು ಪೇರಿಸಿದರೆ ಕುತ್ತಿಗೆ ಬಾಗಿ ಹೊಟ್ಟೆ ಇನ್ನಷ್ಟು ಒತ್ತಿಕೊಳ್ಳುತ್ತದೆ.

ಔಷಧಿಯ ವಿಚಾರ

ಇಷ್ಟಕ್ಕೂ ಉರಿ ತಗ್ಗದಿದ್ದರೆ ಆಮ್ಲಶಾಮಕ ಔಷಧಿಗಳನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಸಲಹೆಗಳಲ್ಲಿ ಹೇಳಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಲವಣಗಳಿರುವ ಚೀಪುವ ಗುಳಿಗೆ ಅಥವಾ ದ್ರಾವಣ ಇವು. ವೈದ್ಯರು ಹೇಳಿದ ಪ್ರಮಾಣ ಮೀರಬಾರದು. ಇವೂ ಸಾಲದಾದರೆ ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವ ಬೇರೆ ಮಾತ್ರೆಗಳಿವೆ. ಅವುಗಳನ್ನು ವೈದ್ಯರೇ ಬರೆದುಕೊಡಬೇಕು.

ಅಡುಗೆಸೋಡವನ್ನು ನೀರಿನಲ್ಲಿ ಕದಡಿ ಕುಡಿಯುವುದು ಹಳೆಯ ರೂಢಿ. ನೀರಿಗೆ ಹಾಕಿದೊಡನೆ ನೊರೆಯೇಳುವ ಎಷ್ಟೋ ಪುಡಿಗಳಲ್ಲಿರುವುದೂ ಅದೇ ಸೋಡ. ಗರ್ಭಿಣಿಗೆ ಇದು ತಕ್ಕುದಲ್ಲ. ಅದರಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಟ್ಟು ಊತವನ್ನು ಹೆಚ್ಚಿಸುತ್ತದೆ. ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಹೊಟ್ಟೆಯ ಹುಣ್ಣಿಗೆಂದು ಬಂದ ಮಿಸೊಪ್ರೊಸ್ಟಾಲ್ ಎಂಬ ಔಷಧಿಯಿದೆ. ಅದು ಗರ್ಭಕೋಶವನ್ನು ಬಲವಾಗಿ ಸಂಕುಚಿತಗೊಳಿಸಿ ಗರ್ಭಪಾತವನ್ನುಂಟುಮಾಡಬಲ್ಲದು. ಆದಕಾರಣ ಮನೆಯಲ್ಲಿ ಬೇರೆಯವರಿಗೆ ಕೊಟ್ಟ 'ಹೊಟ್ಟೆ ಮಾತ್ರೆ'ಯನ್ನು ಬಸುರಿ ಎಂದೂ ನುಂಗಬಾರದು.

ಕಬ್ಬಿಣದ ಮಾತ್ರೆಯನ್ನು ಬಿಡಬೇಡಿ

ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆಂದು ಅದನ್ನು ಸದ್ದಿಲ್ಲದೆ ನಿಲ್ಲಿಸಿಬಿಡುವ ಗರ್ಭಿಣಿಯರು ಅನೇಕರು. ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಕೇಳಿದವರಿಗೆ 'ತಗೊಂಡೆ' ಎಂಬ ಉತ್ತರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ರಕ್ತವಿಲ್ಲದ ತಾಯಿಗೆ ಹೆರಿಗೆಯಲ್ಲಿ ಸಾಧಾರಣ ರಕ್ತಸ್ರಾವವೂ ಪ್ರಾಣಾಪಾಯ ತರಬಲ್ಲದು. ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆಗಳು ಹೊಟ್ಟೆಗೆ ಸೇರಲೇಬೇಕು.

ಉರಿಯಾಗುವವರು ಮಾತ್ರೆಯನ್ನು ಊಟವಾದ ಒಂದು ಗಂಟೆಯ ಮೇಲೆ, ತುಂಬು ಲೋಟ ನೀರಿನೊಡನೆ, ಕುಳಿತು ನುಂಗಲಿ. ನುಂಗಿದ ಕೂಡಲೇ ಮಲಗದಿರಲಿ. ಆಮ್ಲಶಾಮಕ ಔಷಧಿ, ಸುಣ್ಣದ ಮಾತ್ರೆ ಎಂದು ಕರೆಯುವ ಕ್ಯಾಲ್ಸಿಯಂ ಮಾತ್ರೆ, ಇವೆರಡೂ ಕಬ್ಬಿಣವು ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಆದುದರಿಂದ ಕಬ್ಬಿಣಕ್ಕೂ ಇವುಗಳಿಗೂ ಎರಡು ಗಂಟೆಗಳ ಅಂತರವಿರಬೇಕು. ಕಾಫಿ, ಚಹಾಗಳೊಡನೆಯೂ ನುಂಗಬಾರದು. ಇಷ್ಟಾದರೂ ಆಗಿಬರದಿದ್ದರೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಇದ್ದುದನ್ನು ಇದ್ದಂತೆ ಹೇಳಿ. ಬೇರೆ ಬಗೆಯ ಮಾತ್ರೆಗಳಿವೆ, ಚುಚ್ಚುಮದ್ದೂ ಇದೆ.

ಎದೆಯುರಿಯಂತೆ ತೋರುವ ಅಪಾಯ

ಐದು ತಿಂಗಳು ಕಳೆದ ಮೇಲೆ ಕೆಲವರಿಗೆ ಗರ್ಭನಂಜು ಎಂಬ ವ್ಯಾಧಿ ತಗಲುವುದುಂಟು. ರಕ್ತದೊತ್ತಡ 140/90 ಅಥವಾ ಅದಕ್ಕೂ ಮೇಲೇರುತ್ತದೆ. ಮೂತ್ರಪಿಂಡ, ಯಕೃತ್ತುಗಳು ಕೆಡುತ್ತವೆ. ಯಕೃತ್ತು ಊದಿಕೊಂಡಾಗ ಬಲಪಕ್ಕೆಯ ಕೆಳಗೆ ಅಥವಾ ಎದೆಗೂಡಿನ ಕೆಳಗಣ ಕುಳಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಈ ನೋವನ್ನೇ ಜನರು ಎದೆಯುರಿಯೆಂದೂ ಅಜೀರ್ಣವೆಂದೂ ಭ್ರಮಿಸುವುದು! ಇದರ ಒಂದು ಉಗ್ರರೂಪದಲ್ಲಿ ರಕ್ತದ ಕೆಂಪುಕಣಗಳು ಒಡೆಯುತ್ತವೆ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳು ಕುಸಿಯುತ್ತವೆ. ಅಮೆರಿಕೆಯ ವೈದ್ಯ ಲೂಯಿ ವೈನ್‌ಸ್ಟೈನ್ 1982ರಲ್ಲಿ ಇದಕ್ಕೆ 'ಹೆಲ್ಪ್' ಎಂಬ ಹೆಸರು ಕೊಟ್ಟರು. ಕೆಲವರಲ್ಲಿ ರಕ್ತದೊತ್ತಡ ಅಷ್ಟಾಗಿ ಏರದೆಯೂ ಇದು ಬರಬಹುದು. ಹೆರಿಗೆಯಾದ ಕೆಲವು ದಿನಗಳೊಳಗೂ ಬರಬಹುದು.

ಭೇದವನ್ನು ಹೀಗೆ ಗುರುತಿಸಬೇಕು. ಸಾಧಾರಣ ಎದೆಯುರಿ ಊಟವಾದ ಮೇಲೆ ಬರುತ್ತದೆ, ಎದ್ದು ಕುಳಿತರೆ ತಗ್ಗುತ್ತದೆ, ಆಮ್ಲಶಾಮಕಕ್ಕೆ ಮಣಿಯುತ್ತದೆ. ಇದಾದರೋ ಊಟಕ್ಕೆ ಸಂಬಂಧವಿಲ್ಲದೆ ಬಂದು, ಬಿಡದೆ ನೋಯುತ್ತದೆ, ಔಷಧಿಗೆ ಜಗ್ಗದು. ಜೊತೆಗೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಕಂಡಂತಾಗುವುದು, ಮುಖ ಮತ್ತು ಕೈಗಳ ಊತ, ದಿನ ತುಂಬುತ್ತಿರುವಾಗ ಹೊಸದಾಗಿ ವಾಂತಿ, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯಬಾರದು. ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಬೇಕು. ಅಲ್ಲಿ ರಕ್ತದೊತ್ತಡ, ಮೂತ್ರ, ರಕ್ತಗಳ ಪರೀಕ್ಷೆಯಾಗುತ್ತದೆ. ಬರಿಯ ಗುಳಿಗೆ ಕೊಟ್ಟು ಕಳುಹಿಸಹೊರಟರೆ, 'ಬಿ.ಪಿ. ನೋಡಿ ಡಾಕ್ಟರೇ' ಎಂದು ಕೇಳಲು ಸಂಕೋಚಪಡಬೇಡಿ.

ಹೀಗೆ ಹೇಳುವುದು ಹೆದರಿಸುವುದಕ್ಕಲ್ಲ. ಹೊತ್ತಿಗೆ ಸರಿಯಾಗಿ ತಲುಪಿದವರಿಗೆ ಚಿಕಿತ್ಸೆಯುಂಟು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯೊಂದು, ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಚುಚ್ಚುಮದ್ದು ಗರ್ಭನಂಜಿನ ಸೆಳವನ್ನು ಅರ್ಧಕ್ಕಿಂತಲೂ ಹೆಚ್ಚು ತಗ್ಗಿಸುತ್ತದೆಂದು ತೋರಿಸಿಕೊಟ್ಟಿತು.

ಇವಲ್ಲದೆ ನುಂಗಲು ಕಷ್ಟ, ರಕ್ತವಾಂತಿ, ತೂಕ ಇಳಿಯುವುದು, ಎದೆನೋವು ತೋಳಿಗೋ ದವಡೆಗೋ ಹರಡಿ ಬೆವರುವುದು, ಇವೂ ಕೂಡಲೇ ವೈದ್ಯರಿಗೆ ತೋರಿಸಬೇಕಾದವು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ; ಡಾಂಬರಿನಂತೆ ಜಿಗುಟಾಗಿ ದುರ್ನಾತವಿದ್ದರೆ ಮಾತ್ರ ಅದು ರಕ್ತವೆಂದು ತಿಳಿಯಬೇಕು.

ಬಸುರಿಯಾದವಳು ತನ್ನ ಸಂಕಟವನ್ನು ನುಂಗಿಕೊಂಡಿರುವುದೇ ಸಹನೆಯೆಂದು ಭಾವಿಸುವುದುಂಟು. ಉರಿಯನ್ನು ಬಾಯಿಬಿಟ್ಟು ಹೇಳುವುದು ಆಕೆಯ ಕರ್ತವ್ಯ. ಕೇಳಿಸಿಕೊಳ್ಳುವುದು ಮನೆಯವರ ಕರ್ತವ್ಯ. ಅತ್ತೆಯವರು ಇಂದಿನ ರಾತ್ರಿ ಮೊದಲ ಎಲೆಯನ್ನು ಸೊಸೆಗೆ ಹಾಕಿ, ಊಟವಾದ ಮೇಲೆ "ಹೊಟ್ಟೆ ಹೇಗಿದೆಯಮ್ಮ?" ಎಂದು ವಿಚಾರಿಸಿದರೆ, ಅರ್ಧ ಉಪಚಾರ ಅಲ್ಲಿಗೇ ಆದಂತೆ.