ಅಂಚಿನ ಲೋಕದ ಎಳೆಯರು

ಸ್ವಿಟ್ಜರ್‌ಲೆಂಡಿನ ಬರ್ನ್ ಪ್ರಾಂತದಲ್ಲಿ, ಆರೆ ನದಿಯ ತೀರದ ಬ್ಯೂರೆನ್ ಪಟ್ಟಣದ ಸಮೀಪದಲ್ಲಿ, ಒಬರ್‌ಬ್ಯೂರೆನ್ ಎಂಬ ಸ್ಥಳವಿದೆ. 1990ರ ದಶಕದಲ್ಲಿ ಪ್ರಾಕ್ತನಶಾಸ್ತ್ರಜ್ಞರು ಅಲ್ಲಿಯ ನೆಲವನ್ನು ಅಗೆದಾಗ ಸುಮಾರು 250 ಶಿಶುಗಳ ಎಲುಬುಗೂಡುಗಳು ಬೆಳಕಿಗೆ ಬಂದವು. ಕೆಲವು ದಿನ ತುಂಬಿ ಹುಟ್ಟಿದವು. ಕೆಲವು ದಿನ ತುಂಬುವ ಮೊದಲೇ ಬಸುರಿನಿಂದ ಜಾರಿದವು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಯಾವ ಪಿಡುಗಿನಿಂದಲೂ ಯುದ್ಧದಿಂದಲೂ ಇವು ಒಂದೆಡೆ ಸೇರಿದ್ದಲ್ಲ. ಸತ್ತ ಕೂಸುಗಳನ್ನು ತಂದೆತಾಯಿಗಳೇ ದೂರದೂರದ ಊರುಗಳಿಂದ ಹೊತ್ತು ಅಲ್ಲಿಗೆ ತಂದಿದ್ದರು.

ಏಕೆ ತಂದರೆಂಬುದಕ್ಕೆ ಕಾನ್‌ಸ್ಟಾನ್ಸಿನ ಧರ್ಮಾಧ್ಯಕ್ಷನು 1486ರಲ್ಲಿ ಪೋಪರಿಗೆ ಬರೆದ ದೂರುಪತ್ರವೇ ಸಾಕ್ಷಿ. ಒಬರ್‌ಬ್ಯೂರೆನ್ನಿನಲ್ಲಿ ಮಾತೆ ಮರಿಯಳ ಗುಡಿಯೊಂದಿದ್ದಿತು. ಅಲ್ಲಿ ನೇಮಕಗೊಂಡ ಹೆಂಗಸರು ಸತ್ತು ಹುಟ್ಟಿದ ಶಿಶುವನ್ನು ಉರಿಯುವ ಕೆಂಡಗಳ ನಡುವೆ ಇಟ್ಟು, ಸುತ್ತಲೂ ಮೇಣದ ಬತ್ತಿಗಳನ್ನು ಹಚ್ಚಿ, ಮೈ ಬೆಚ್ಚಗಾದ ಮೇಲೆ ಅದರ ತುಟಿಗಳ ಮೇಲೊಂದು ಹಗುರವಾದ ಗರಿಯನ್ನು ಇಡುತ್ತಿದ್ದರು. ಗರಿ ಅಲುಗಿತೋ, ಕೂಸು ಉಸಿರಾಡಿತೆಂದು ಸಾರುವರು. ತಡಮಾಡದೆ ತಲೆಯ ಮೇಲೆ ನೀರೆರೆದು ದೀಕ್ಷಾಸ್ನಾನ ಮಾಡಿಸುವರು. ಗಂಟೆ ಬಾರಿಸಿ ಸ್ತೋತ್ರ ಹಾಡುವರು. ಮರುಕ್ಷಣವೇ ಮತ್ತೆ ಸತ್ತಿತೆನಿಸಿಕೊಂಡ ಆ ಕೂಸಿಗೆ ಗುಡಿಯ ಪವಿತ್ರಭೂಮಿಯಲ್ಲಿ ಮಣ್ಣು ದೊರೆಯುತ್ತಿದ್ದಿತು. ಹೀಗೆ ತಂದ ಕೂಸುಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತೆಂದು ಧರ್ಮಾಧ್ಯಕ್ಷನ ಲೆಕ್ಕ. ಗರಿ ಅಲುಗಿದ್ದು ಉಸಿರಿನಿಂದಲ್ಲ, ಕೆಂಡದ ಕಾವಿನಿಂದ ಎಂದು ಆತನು ಬರೆದನು. ಆತನ ಮಾತು ನಿಜವೇ ಇರಬೇಕು. ಆದರೆ ಆ ಗರಿಯನ್ನೇ ಎವೆಯಿಕ್ಕದೆ ನೋಡುತ್ತ ನಿಂತ ತಾಯಿಗೆ ಅಂತಹ ನಿಜದಿಂದ ಏನಾಗಬೇಕಾಗಿತ್ತು?

ಕ್ರೈಸ್ತ ಮತದಲ್ಲಿ ಪುನರ್ಜನ್ಮವಿಲ್ಲ. ಜೀವಕ್ಕೆ ಒಂದೇ ಬಾಳು, ಒಂದೇ ಸಾವು. ಆ ಬಳಿಕ ತೀರ್ಪು. ಪುಣ್ಯವಂತರಿಗೆ ಸ್ವರ್ಗ, ಅಂದರೆ ದೇವರ ಮುಖದರ್ಶನ. ಪಾಪದಲ್ಲಿಯೇ ಸತ್ತವರಿಗೆ ನರಕ. ಕಥೋಲಿಕರ ನಂಬಿಕೆಯಂತೆ, ಅಲ್ಪಸ್ವಲ್ಪ ಕಲೆ ಉಳಿದವರಿಗೆ ಅದನ್ನು ತೊಳೆದುಕೊಳ್ಳಲು ಶುದ್ಧೀಕರಣಸ್ಥಳ. ದೊಡ್ಡವರ ಮಟ್ಟಿಗೆ ಈ ವ್ಯವಸ್ಥೆಗೆ ಒಂದು ತರ್ಕವಿದೆ. ತಪ್ಪನ್ನೂ ಒಪ್ಪನ್ನೂ ಅರಿಯದೆ, ಕಣ್ಣನ್ನೇ ತೆರೆಯದೆ ಹೋದ ಕೂಸಿನ ಗತಿಯೇನು? ನೀರಿನಿಂದಲೂ ಪವಿತ್ರಾತ್ಮನಿಂದಲೂ ಹೊಸ ಹುಟ್ಟನ್ನು ಪಡೆಯದವನಿಗೆ ದೇವರ ರಾಜ್ಯದಲ್ಲಿ ಪ್ರವೇಶವಿಲ್ಲವೆಂಬ ಅರ್ಥದ ಮಾತನ್ನು ಯೇಸು ನಿಕೊದೇಮನಿಗೆ ಹೇಳಿದುದು ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿದೆ. ಆದಾಮನ ಪಾಪವು ಹುಟ್ಟಿನೊಡನೆಯೇ ಎಲ್ಲರಿಗೂ ಅಂಟಿ ಬರುವುದೆಂದೂ ದೀಕ್ಷಾಸ್ನಾನದ ನೀರು ಅದನ್ನು ತೊಳೆಯುವುದೆಂದೂ ಧರ್ಮಸಭೆ ಬೋಧಿಸಿತು. ನೀರು ಸೋಂಕುವ ಮೊದಲೇ ಉಸಿರು ನಿಂತರೆ?

ಈ ಪ್ರಶ್ನೆಗೆ ಅತಿ ಕಠಿಣವಾದ ಉತ್ತರವನ್ನು ಕೊಟ್ಟವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷನಾಗಿದ್ದ ಸಂತ ಆಗಸ್ಟಿನ್ (354-430). ಮನುಷ್ಯನು ಹುಟ್ಟುವಾಗ ನಿರ್ದೋಷಿಯೆಂದು ವಾದಿಸಿದ ಪೆಲಾಜಿಯಸನ ಪಂಥದೊಡನೆ ಆತನು ವರ್ಷಗಟ್ಟಲೆ ಕಾದಾಡಿದನು. ವಾದದ ಬಿಸಿಯಲ್ಲಿ ಕೂಸುಗಳೂ ಸಿಕ್ಕಿಕೊಂಡವು. ಸ್ವರ್ಗಕ್ಕೂ ನರಕಕ್ಕೂ ನಡುವೆ ಮೂರನೆಯದೊಂದು ಸ್ಥಳವಿಲ್ಲ. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೂ ಶಿಕ್ಷೆಯುಂಟು, ಆದರೆ ಅದು ಎಲ್ಲಕ್ಕಿಂತ ಸೌಮ್ಯವಾದ ಶಿಕ್ಷೆ ಎಂದನು. ಆತನು ಕರುಣೆಯಿಲ್ಲದವನೇನೂ ಅಲ್ಲ. 387ರಲ್ಲಿ ಮಿಲಾನ್ ನಗರದಲ್ಲಿ ತನ್ನೊಡನೆಯೇ ದೀಕ್ಷಾಸ್ನಾನ ಪಡೆದ ಒಬ್ಬನೇ ಮಗ ಅದೆಯೋದಾತನನ್ನು ಕೆಲವೇ ವರ್ಷಗಳಲ್ಲಿ, ಹದಿಹರೆಯದಲ್ಲಿಯೇ, ಮಣ್ಣು ಮಾಡಿದ ತಂದೆ. ತನ್ನ ಮಗನ ಪರಲೋಕದ ವಿಷಯದಲ್ಲಿ ಆತನಿಗೆ ಚಿಂತೆಯಿರಲಿಲ್ಲ. ಆ ನೆಮ್ಮದಿ ಇಲ್ಲದ ತಂದೆಗಳ ಪಾಡನ್ನು ಆತನ ತರ್ಕವು ಅಳೆಯಲಿಲ್ಲ.

ಏಳು ನೂರು ವರ್ಷಗಳ ಬಳಿಕ ಪ್ಯಾರಿಸಿನ ಪಂಡಿತರಿಗೆ ಈ ಉತ್ತರವನ್ನು ನುಂಗಲಾಗಲಿಲ್ಲ. ಶಿಶುಗಳಿಗೆ ಯಾತನೆಯಿಲ್ಲ, ದೇವರ ದರ್ಶನವಿಲ್ಲದಿರುವುದೊಂದೇ ಕೊರತೆ ಎಂದು 12ನೆಯ ಶತಮಾನದಲ್ಲಿ ಅಬೆಲಾರ್ಡನು ಹೇಳಿದನು. ಆ ಕೊರತೆಯ ಅರಿವೇ ಅವುಗಳಿಗೆ ಇಲ್ಲವೆಂದೂ, ಆದುದರಿಂದ ದುಃಖವೂ ಇಲ್ಲವೆಂದೂ ಮುಂದಿನ ಶತಮಾನದ ಸಂತ ಥಾಮಸ್ ಅಕ್ವೀನಾಸನು ಸಾಧಿಸಿದನು; ಹಕ್ಕಿಯಂತೆ ಹಾರಲಾರೆನೆಂದು ಯಾವ ವಿವೇಕಿಯೂ ಕೊರಗುವುದಿಲ್ಲವಷ್ಟೆ! ಹೀಗೆ ಹುಟ್ಟಿಕೊಂಡ ಲೋಕಕ್ಕೆ ‘ಲಿಂಬೊ’ ಎಂದು ಹೆಸರು. ಲ್ಯಾಟಿನ್ ಭಾಷೆಯ ‘ಲಿಂಬಸ್’ ಎಂದರೆ ಬಟ್ಟೆಯ ಅಂಚು. ನರಕದ ಅಂಚಿನಲ್ಲಿ, ಬೆಂಕಿ ತಾಕದ, ಬೆಳಕೂ ಮುಟ್ಟದ ಒಂದು ಅರೆಯ. ಮಹಾಕವಿ ಡಾಂಟೆ ತನ್ನ ಕಾವ್ಯದಲ್ಲಿ ಆ ಅಂಚನ್ನು ನರಕದ ಮೊದಲನೆಯ ಸುತ್ತಾಗಿ ಚಿತ್ರಿಸಿ, ಶಿಶುಗಳ ಜೊತೆಯಲ್ಲಿಯೇ ಹೋಮರ್, ವರ್ಜಿಲ್ ಮೊದಲಾದ ಕ್ರೈಸ್ತರಲ್ಲದ ಮಹನೀಯರನ್ನೂ ಅಲ್ಲಿ ಇರಿಸಿದನು. ಅಲ್ಲಿ ಗೋಳಾಟ ಕೇಳಿಸುವುದಿಲ್ಲ, ನಿಟ್ಟುಸಿರು ಮಾತ್ರ.

ವಿದ್ವಾಂಸರ ಎಣಿಕೆಯಲ್ಲಿ ಇದು ದೊಡ್ಡ ದಯೆ. ತಾಯಂದಿರಿಗೆ ಅದು ಸಾಲದಾಯಿತು. ಕೂಸಿಗೆ ನೋವಿಲ್ಲವೆಂಬುದೇನೋ ಸರಿ, ಆದರೆ ತಾನು ಸ್ವರ್ಗಕ್ಕೆ ಹೋದರೂ ಅಲ್ಲಿ ಅದು ಸಿಕ್ಕುವುದಿಲ್ಲ! ಈ ಅಗಲಿಕೆ ಯುಗಯುಗಾಂತರಕ್ಕೂ ತೀರದು. ಅಪಾಯದ ಹೊತ್ತಿನಲ್ಲಿ ಪಾದ್ರಿಯೇ ಬೇಕೆಂದಿಲ್ಲ, ಯಾರು ಬೇಕಾದರೂ ನೀರೆರೆದು ಮಂತ್ರ ಹೇಳಬಹುದೆಂಬ ಅನುಮತಿ ಇದ್ದುದರಿಂದ ಸೂಲಗಿತ್ತಿಯರಿಗೆ ಆ ಮಂತ್ರವನ್ನು ಕಲಿಸಿದ್ದರು. ಅದೂ ಕೈಮೀರಿದಾಗ ಉಳಿದದ್ದು ಒಬರ್‌ಬ್ಯೂರೆನ್ನಿನ ದಾರಿ. ಫ್ರಾನ್ಸಿನಲ್ಲಿಯೂ ಅವಿಯೋತ್ ಮೊದಲಾದ ಕಡೆ ಇಂತಹ ಕ್ಷೇತ್ರಗಳು ಬಹಳವಿದ್ದವು. ಬರ್ನ್ ಸುಧಾರಣಾ ಪಂಥವನ್ನು ಸ್ವೀಕರಿಸಿದ 1528ರಲ್ಲಿ ಒಬರ್‌ಬ್ಯೂರೆನ್ನಿನ ಯಾತ್ರೆ ಕೊನೆಗೊಂಡಿತು. ರೋಮ್ ಇಂತಹ ದೀಕ್ಷೆಯನ್ನು 1729ರಲ್ಲಿ ನಿಷೇಧಿಸಿತಾದರೂ ಅದು ಬಹುಕಾಲ ನಿಲ್ಲಲಿಲ್ಲ.

ಸುಧಾರಕರ ದಾರಿ ಬೇರೆಯಾಯಿತು. ವಿಶ್ವಾಸಿಗಳ ಮಕ್ಕಳು ಬಸುರಿನಲ್ಲಿರುವಾಗಲೇ ದೇವರ ಒಡಂಬಡಿಕೆಗೆ ಸೇರಿದವರೆಂದು ಹೇಳಿ ಕ್ಯಾಲ್ವಿನ್ ಸೂಲಗಿತ್ತಿಯ ಅವಸರದ ಸ್ನಾನವನ್ನೇ ತಳ್ಳಿಹಾಕಿದನು. ಮಾರ್ಟಿನ್ ಲೂಥರನು 1542ರಲ್ಲಿ, ಹೆರಿಗೆಯಲ್ಲಿ ಕೂಸನ್ನು ಕಳೆದುಕೊಂಡ ಹೆಂಗಸರಿಗಾಗಿಯೇ ಒಂದು ಚಿಕ್ಕ ಸಾಂತ್ವನ ಲೇಖನವನ್ನು ಬರೆದನು. ಬಾಯಿಬಿಟ್ಟು ಹೇಳಲಾಗದ ತಾಯಿಯ ಹಂಬಲವನ್ನೇ ದೇವರು ಪ್ರಾರ್ಥನೆಯಾಗಿ ಕೇಳುವನೆಂಬುದು ಅದರ ತಿರುಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತನ ಹದಿಮೂರು ವರ್ಷದ ಮಗಳು ಮಗ್ದಲೇನ ತೀರಿಕೊಂಡಳು.

ಕಥೋಲಿಕ ಐರ್ಲೆಂಡಿನಲ್ಲಿ ಮಾತ್ರ ಅಂಚಿನ ಲೋಕವು ನೆಲದ ಮೇಲೆಯೇ ಗುರುತಾಗಿ ನಿಂತಿತು. ದೀಕ್ಷೆಯಿಲ್ಲದ ಕೂಸಿಗೆ ಪವಿತ್ರಭೂಮಿಯಲ್ಲಿ ಸ್ಥಳವಿಲ್ಲವಾದುದರಿಂದ, ಪಾಳುಬಿದ್ದ ಗುಡಿಯ ಬಳಿ, ಹಳೆಯ ಮಣ್ಣುಕೋಟೆಯ ಒಳಗೆ, ಊರಿನ ಗಡಿಯಲ್ಲಿ, ಕಡಲ ದಂಡೆಯಲ್ಲಿ ಅದನ್ನು ಹೂಳುತ್ತಿದ್ದರು. ಅಂತಹ ಸ್ಥಳಕ್ಕೆ ಅಲ್ಲಿಯ ಭಾಷೆಯಲ್ಲಿ ‘ಕಿಲ್ಲೀನ್’ ಎಂದು ಹೆಸರು. ಆ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಕಿಲ್ಲೀನ್‌ಗಳು ಗುರುತಾಗಿವೆ. ಹೊತ್ತು ಮುಳುಗಿದ ಮೇಲೆ ತಂದೆಯೋ ನೆರೆಯವನೋ ಸಣ್ಣದೊಂದು ಪೆಟ್ಟಿಗೆಯನ್ನು ಹಿಡಿದು ಹೋಗುವನು. ಪಾದ್ರಿ ಬರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಬಾಣಂತಿ ಮನೆಯಲ್ಲಿಯೇ ಮಲಗಿರುವಳು. ಎಷ್ಟೋ ತಾಯಂದಿರಿಗೆ ಕೂಸು ಎಲ್ಲಿ ಮಲಗಿದೆಯೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಇದು ಮಧ್ಯಯುಗದ ಕಥೆಯಲ್ಲ. 20ನೆಯ ಶತಮಾನದ ನಡುಭಾಗದವರೆಗೂ ನಡೆದುದು.

ವಿಚಿತ್ರವೆಂದರೆ, ಇಷ್ಟು ಕಣ್ಣೀರಿಗೆ ಕಾರಣವಾದ ಲಿಂಬೊವನ್ನು ಧರ್ಮಸಭೆ ಎಂದೂ ಅಧಿಕೃತ ಸಿದ್ಧಾಂತವೆಂದು ಘೋಷಿಸಿರಲಿಲ್ಲ! ಅದು ಪಂಡಿತರ ಊಹೆ. ಬೋಧನೆಯಲ್ಲಿ ಬೆಳೆದು ರೂಢಿಯಾದುದು. 1969ರ ಹೊಸ ಅಂತ್ಯಕ್ರಿಯಾವಿಧಿಯಲ್ಲಿ ದೀಕ್ಷೆಗೆ ಮೊದಲೇ ತೀರಿದ ಮಕ್ಕಳಿಗೂ ಪ್ರಾರ್ಥನೆ ಸೇರಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಲಿಂಬೊವಿನ ಹೆಸರನ್ನೇ ಎತ್ತದೆ, ಆ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿತು. ಕೊನೆಗೆ 2007ರಲ್ಲಿ ಪೋಪ್ 16ನೆಯ ಬೆನೆಡಿಕ್ಟರ ಒಪ್ಪಿಗೆಯೊಡನೆ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಈ ವಿಷಯವೊಂದನ್ನೇ ಕುರಿತು ದೀರ್ಘವಾದ ವರದಿಯನ್ನು ಪ್ರಕಟಿಸಿತು. ಈ ಶಿಶುಗಳು ದೇವರ ದರ್ಶನವನ್ನು ಪಡೆಯುವರೆಂದು ಆಶಿಸಲು ಬಲವಾದ ಕಾರಣಗಳಿವೆ. ಆದರೆ ಅದು ಆಶೆಯೇ ಹೊರತು ನಿಶ್ಚಿತವಾದ ಜ್ಞಾನವಲ್ಲ ಎಂಬುದು ಅದರ ನಿರ್ಣಯ. ಲಿಂಬೊವನ್ನು ಅದು ಅಳಿಸಿಹಾಕಲಿಲ್ಲ. ನಂಬುವವರು ನಂಬಬಹುದಾದ ಒಂದು ಅಭಿಪ್ರಾಯವಾಗಿ ಉಳಿಸಿತು. ಸಾವಿರದಾರುನೂರು ವರ್ಷಗಳ ವಾದಕ್ಕೆ ಇಷ್ಟು ಎಚ್ಚರಿಕೆಯ ಮಾತು ಸಾಲದೆನ್ನುವವರುಂಟು. ಕಾಣದ ಲೋಕದ ಬಗೆಗೆ ಅತಿಯಾದ ಖಚಿತತೆಯಿಂದಲೇ ಅಲ್ಲವೆ ಈ ಸಂಕಟವೆಲ್ಲ ಮೊದಲಾದುದು?

ಈಚಿನ ದಶಕಗಳಲ್ಲಿ ಐರ್ಲೆಂಡಿನ ಹಲವು ಊರುಗಳವರು ತಮ್ಮ ತಮ್ಮ ಕಿಲ್ಲೀನ್‌ಗಳ ಮುಳ್ಳುಪೊದೆಗಳನ್ನು ಸವರಿ, ಪಾದ್ರಿಗಳನ್ನು ಕರೆತಂದು ನೆಲವನ್ನು ಹರಸಿಸಿದ್ದಾರೆ. ನೆನಪಿನ ಕಲ್ಲುಗಳನ್ನು ನೆಟ್ಟಿದ್ದಾರೆ. ಹೆಸರಿಡುವ ಮೊದಲೇ ಹೋದ ಮಕ್ಕಳಾದುದರಿಂದ, ಕಲ್ಲಿನ ಮೇಲೆ ಬರೆಯಲು ಹೆಸರುಗಳಿಲ್ಲ.